ಬೆಳಗಿನ ಮೊದಲ ಸೆಲ್ಫು

ಪುಣೆ, ಪಿಂಪ್ರಿ-ಚಿಂಚವಡ ಕಡೆಯ ಕನ್ನಡ ಕೇಳುಗರಿಗೆಲ್ಲ ನಮಸ್ಕಾರ. ಇವತ್ತಿನ ಮಾತು ಹಳೆಯ ಎಂಪಿಎಫ್‌ಐ ಕಾರುಗಳದ್ದು, ಅಂದರೆ ಪ್ರತಿ ಸಿಲಿಂಡರಿಗೂ ಒಂದೊಂದು ಇಂಜೆಕ್ಟರ್ ಪೆಟ್ರೋಲ್ ಚಿಮ್ಮಿಸುವ ಗಾಡಿಗಳದ್ದು. ಎಸ್ಟೀಮ್, ಸಿಯೆಲೊ, ಮೊದಲ ಹೋಂಡಾ ಸಿಟಿ, ಹೀಗೆ ತೊಂಬತ್ತರ ದಶಕದ ಗಾಡಿಗಳನ್ನು ಜತನದಿಂದ ಇಟ್ಟುಕೊಂಡವರು ನಮ್ಮಲ್ಲಿ ಕಡಿಮೆಯೇನಿಲ್ಲ.

ಇವುಗಳ ಮೇಲಿನ ದೂರು ಮಾತ್ರ ಎಲ್ಲ ಕಡೆ ಒಂದೇ. ರಾತ್ರಿಯಿಡೀ ನಿಂತ ಗಾಡಿ ಬೆಳಿಗ್ಗೆ ನಾಲ್ಕೈದು ಸಲ ಸೆಲ್ಫ್ ಹೊಡೆದ ಮೇಲೆ ಹಿಡಿಯುತ್ತದೆ. ಹಿಡಿದರೂ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಬಂದ್. ಗ್ಯಾರೇಜಿಗೆ ಒಯ್ದರೆ ಎಲ್ಲ ಸರಿ! ಅಲ್ಲಿಗೆ ಮುಟ್ಟುವಷ್ಟರಲ್ಲಿ ಇಂಜಿನ್ ಕಾದಿರುತ್ತದಲ್ಲ. ಆಮೇಲೆ ಪ್ಲಗ್ ಬದಲಾಯಿಸುತ್ತಾರೆ, ಇಂಜೆಕ್ಟರ್ ತೊಳೆಯುತ್ತಾರೆ, ಬಿಲ್ಲು ಬರುತ್ತದೆ. ಮರುದಿನ ಬೆಳಿಗ್ಗೆ ಅದೇ ಕಥೆ. ಅದಕ್ಕೇ ಗಾಡಿಯನ್ನು ಹಿಂದಿನ ಸಂಜೆಯೇ ಗ್ಯಾರೇಜಿನಲ್ಲಿ ಬಿಟ್ಟು ಬನ್ನಿ. ಬೆಳಗಿನ ಮೊದಲ ಸೆಲ್ಫು ಮೆಕ್ಯಾನಿಕ್‌ನ ಕೈಯಲ್ಲೇ ಆಗಲಿ.

ಪುಣೆಯಲ್ಲಿ ಜನವರಿಯ ಬೆಳಗು 10 ಡಿಗ್ರಿಗಿಂತ ಕೆಳಗಿಳಿಯುವುದುಂಟು. ಮುಂಬೈಯಲ್ಲಿ ಆ ಚಳಿ ಇಲ್ಲ, ಆದರೂ ದೂರು ಅಲ್ಲಿಯೂ ಇದೆ. 85-90 ಡಿಗ್ರಿಯಲ್ಲಿ ದುಡಿಯುವ ಇಂಜಿನ್ನಿಗೆ 25 ಡಿಗ್ರಿಯೂ ತಣ್ಣಗೇ. ಆಗ ಪೆಟ್ರೋಲಿನ ಒಂದು ಪಾಲು ಆವಿಯಾಗದೆ, ಇಂಜಿನ್ನಿಗೆ ಗಾಳಿ ಒಯ್ಯುವ ಕೊಳವೆಯಾದ ಮ್ಯಾನಿಫೋಲ್ಡ್‌ನ ಗೋಡೆಗೆ ಅಂಟಿಬಿಡುತ್ತದೆ. ಆ ಕೊರತೆ ತುಂಬಲು ಹೆಚ್ಚು ಪೆಟ್ರೋಲ್ ಬೇಕು. ಕಾರ್ಬ್ಯುರೇಟರ್ ಗಾಡಿಯಲ್ಲಿ ಆ ಕೆಲಸಕ್ಕೆ ಚೋಕ್ ಇತ್ತು. ಇಲ್ಲಿ ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರು, ಲೆಕ್ಕ ಹಾಕುತ್ತದೆ, ಅದೂ ಇಂಜಿನ್ನಿನ ನೀರಿನ ಬಿಸಿ ಅಳೆಯುವ ಕೂಲಂಟ್ ಸೆನ್ಸರ್ ಹೇಳಿದ್ದನ್ನು ನಂಬಿಕೊಂಡು.

ಮೊದಲು ಬ್ಯಾಟರಿ. ಸೆಲ್ಫ್ ಹೊಡೆಯುವಾಗ ಮಲ್ಟಿಮೀಟರಿನಲ್ಲಿ ವೋಲ್ಟೇಜು 9.6ಕ್ಕಿಂತ ಕೆಳಗಿಳಿದರೆ ಮುಂದಿನ ಪರೀಕ್ಷೆಗಳಿಗೆ ಅರ್ಥವೇ ಇಲ್ಲ. ಬ್ಯಾಟರಿ ಹೊಸದಾಗಿದ್ದರೆ ಇಂಜಿನ್ನಿನಿಂದ ಗಾಡಿಯ ಬಾಡಿಯವರೆಗೆ ಹೋಗುವ ಅರ್ಥಿಂಗ್ ಪಟ್ಟಿ ಬಿಚ್ಚಿ, ತುಕ್ಕು ಉಜ್ಜಿ, ಬಿಗಿಯಾಗಿ ಕೂರಿಸಿ.

ಮುಂದಿನದಕ್ಕೆ ಖರ್ಚೇ ಇಲ್ಲ. ಸೆಲ್ಫ್ ಹೊಡೆಯದೆ ಕೀಲಿಯನ್ನು ಆನ್ ಮಾಡಿ. ಹಿಂದಿನ ಟ್ಯಾಂಕಿನಲ್ಲಿ ಪಂಪು ಸುಮಾರು ಎರಡು ಸೆಕೆಂಡು ಗುಂಯ್‌ಗುಟ್ಟಿ ನಿಲ್ಲುತ್ತದೆ. ಆಫ್ ಮಾಡಿ, ಮತ್ತೆ ಆನ್. ಹೀಗೆ ಮೂರು ಸಲ ಮಾಡಿ ಆಮೇಲೆ ಸೆಲ್ಫ್ ಹೊಡೆಯಿರಿ. ಒಂದೇ ಏಟಿಗೆ ಹಿಡಿದರೆ ರಾತ್ರಿ ಪೆಟ್ರೋಲಿನ ಒತ್ತಡ ಸೋರಿಹೋಗುತ್ತಿದೆ ಎಂದು ತಿಳಿಯಿರಿ. ಸೋರುವ ದಾರಿ ಮೂರು: ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವ ಪಂಪಿನ ಚೆಕ್ ವಾಲ್ವು, ಒತ್ತಡವನ್ನು ಹದದಲ್ಲಿಡುವ ಪ್ರೆಶರ್ ರೆಗ್ಯುಲೇಟರು, ಇಲ್ಲವೇ ತೊಟ್ಟಿಕ್ಕುವ ಇಂಜೆಕ್ಟರು. ಪೆಟ್ರೋಲಿನ ಒತ್ತಡ ತೋರಿಸುವ ಗೇಜು ಜೋಡಿಸಿ. ಪಂಪು ನಿಂತ ಕೂಡಲೇ, ಹೆಚ್ಚಾದ ಪೆಟ್ರೋಲನ್ನು ಟ್ಯಾಂಕಿಗೆ ಮರಳಿಸುವ ರಿಟರ್ನ್ ಹೋಸನ್ನು ಮೆತ್ತಗೆ ಅದುಮಿ ಹಿಡಿದಾಗ ಗೇಜಿನ ಮುಳ್ಳು ಇಳಿಯದೆ ನಿಂತರೆ ದೋಷ ರೆಗ್ಯುಲೇಟರಿನದು. ಪಂಪಿನಿಂದ ಬರುವ ಹೋಸ್ ಅದುಮಿದಾಗ ನಿಂತರೆ ಚೆಕ್ ವಾಲ್ವು. ಎರಡಕ್ಕೂ ನಿಲ್ಲದಿದ್ದರೆ ಇಂಜೆಕ್ಟರು. ಇಂಜಿನ್ ಓಡುತ್ತಿರುವಾಗ ರಿಟರ್ನ್ ಅದುಮಬೇಡಿ, ಒತ್ತಡ ಮಿತಿ ಮೀರುತ್ತದೆ. ಒಣಗಿ ಗಡುಸಾದ ಹೋಸಿದ್ದರೆ ಅದುಮುವ ಗೋಜಿಗೇ ಹೋಗಬೇಡಿ, ಬಿರಿಯುತ್ತದೆ. ಈ ಬಗೆಯ ಹೆಚ್ಚಿನ ಗಾಡಿಗಳಲ್ಲಿ, ಇಂಜಿನ್ ಓಡುವಾಗ, ರೆಗ್ಯುಲೇಟರಿನಿಂದ ಮ್ಯಾನಿಫೋಲ್ಡಿಗೆ ಹೋಗುವ ವ್ಯಾಕ್ಯೂಮ್ ಹೋಸ್ ತೆಗೆದಾಗ ಒತ್ತಡ 2.5ರಿಂದ 3 ಬಾರ್, ಹಾಕಿದಾಗ ಅದಕ್ಕಿಂತ ಅರ್ಧ ಬಾರ್ ಕಡಿಮೆ. ಆ ಸಣ್ಣ ಹೋಸಿನೊಳಗೆ ಪೆಟ್ರೋಲ್ ವಾಸನೆ ಬಂದರೆ ರೆಗ್ಯುಲೇಟರಿನ ಪೊರೆ ಹರಿದಿದೆ, ಬೇರೆ ಪುರಾವೆ ಬೇಡ.

ಹೋಸ್ ಬದಲಿಸುವಾಗ ಪುಣೆಯ ನಾನಾ ಪೇಠೆಯ ಅಂಗಡಿಗಳಲ್ಲಿ ಸಾದಾ ಪೆಟ್ರೋಲ್ ಪೈಪು ಕೊಟ್ಟು ಕಳಿಸಿಯಾರು. ಜೆ30ಆರ್9 ಎಂದು ಅಚ್ಚಾದ, ಇಂಜೆಕ್ಷನ್ ಒತ್ತಡ ತಡೆಯುವ ಹೋಸನ್ನೇ ಕೇಳಿ ತನ್ನಿ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇದೆ. ಹಳೆಯ ರಬ್ಬರಿಗೆ ಅದು ಹೊಂದುವುದಿಲ್ಲ.

ಇನ್ನು ಕೂಲಂಟ್ ಸೆನ್ಸರ್. ಡ್ಯಾಶ್‌ಬೋರ್ಡಿನಲ್ಲಿ ಬಿಸಿ ತೋರಿಸುವ ಮುಳ್ಳಿಗೆ ಹೋಗುವುದು ಸಾಮಾನ್ಯವಾಗಿ ಒಂದು ವೈರಿನದು. ಇಸಿಯುಗೆ ಹೋಗುವುದು ಎರಡು ವೈರಿನದು. ಮುಳ್ಳು ಸರಿ ತೋರಿಸುತ್ತಿದೆ ಎಂದು ಎರಡನೆಯದನ್ನು ನಂಬುವಂತಿಲ್ಲ. ಕೀಲಿ ಆಫ್ ಮಾಡಿ, ಕನೆಕ್ಟರ್ ಎಳೆದು ಓಮ್ಸ್ ನೋಡಿ: 20 ಡಿಗ್ರಿಯಲ್ಲಿ 2ರಿಂದ 3 ಸಾವಿರ, 80ರಲ್ಲಿ ಸುಮಾರು 300. ತಣ್ಣಗಿರುವಾಗಲೇ 300 ತೋರಿಸಿದರೆ ಇಸಿಯು ಇಂಜಿನ್ ಕಾದಿದೆ ಎಂದುಕೊಂಡು ಪೆಟ್ರೋಲ್ ಬಿಗಿಹಿಡಿಯುತ್ತದೆ. ಚೆಕ್ ಇಂಜಿನ್ ದೀಪ ಹತ್ತುವುದಿಲ್ಲ. 300 ಓಮ್ಸ್ ಅದರ ಲೆಕ್ಕದಲ್ಲಿ ತಪ್ಪೇ ಅಲ್ಲವಲ್ಲ. ಕನೆಕ್ಟರಿನ ಪಿನ್ನಿಗೆ ಹಸಿರು ಕಿಲುಬು ಕಟ್ಟಿದ್ದರೆ ಇದು ಉಲ್ಟಾ: ಓಮ್ಸ್ ಏರುತ್ತದೆ, ಪೆಟ್ರೋಲ್ ಹೆಚ್ಚಾಗುತ್ತದೆ, ಪ್ಲಗ್ ಮಸಿ ಹಿಡಿಯುತ್ತದೆ.

ನಮ್ಮ ಕಡೆಯ ಇನ್ನೊಂದು ಚಾಳಿ ಇದಕ್ಕೇ ಸೇರುತ್ತದೆ. ಗಾಡಿ ಒಮ್ಮೆ ಘಾಟಿನಲ್ಲಿ ಬಿಸಿಯಾದರೆ ಸಾಕು, ಇಂಜಿನ್ ಕಾಯುವವರೆಗೆ ಕೂಲಂಟನ್ನು ರೇಡಿಯೇಟರಿಗೆ ಬಿಡದೆ ತಡೆಯುವ ವಾಲ್ವಾದ ಥರ್ಮೋಸ್ಟಾಟನ್ನು ಕಿತ್ತೆಸೆಯುತ್ತಾರೆ. ಸೆನ್ಸರ್ ಆಗಲೂ ನಿಜವನ್ನೇ ಹೇಳುತ್ತದೆ, ಆದರೆ ಇಂಜಿನ್ 80 ಮುಟ್ಟುವುದೇ ಇಲ್ಲ. ಹೈವೇಯಲ್ಲಿ ಗಾಳಿ ಹೊಡೆದು 60-65ಕ್ಕೇ ನಿಲ್ಲುತ್ತದೆ. ಇಸಿಯು ದಿನವಿಡೀ ತಣ್ಣಗಿನ ಲೆಕ್ಕದಲ್ಲೇ ಪೆಟ್ರೋಲ್ ಸುರಿಯುತ್ತದೆ, ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದಿರುವಾಗಿನ ಇಂಜಿನ್ ವೇಗ) ಏರಿಯೇ ಇರುತ್ತದೆ, ಮೈಲೇಜು ಬೀಳುತ್ತದೆ. ಬೆಳಗಾವಿವರೆಗೆ ಹೋಗಿಬಂದರೂ ಮುಳ್ಳು ಅರ್ಧಕ್ಕೆ ಏರದ ಗಾಡಿಯಲ್ಲಿ ಮೊದಲು ಥರ್ಮೋಸ್ಟಾಟ್ ಇದೆಯೇ ನೋಡಿ. ಸೆನ್ಸರ್ ಮಾತು ಆಮೇಲೆ.

ಈಗ ಐಡ್ಲಿಂಗ್. ತಣ್ಣಗಿನ ಇಂಜಿನ್ 1200ರಿಂದ 1500 ಆರ್‌ಪಿಎಂಗೆ ಏರಿ, ಕಾದ ಹಾಗೆ 750-900ಕ್ಕೆ ಇಳಿಯಬೇಕು. ಏರದಿದ್ದರೆ ಐಡ್ಲಿಂಗ್‌ಗೆ ಬೇಕಾದ ಗಾಳಿ ಬಿಡುವ ಐಡಲ್ ಕಂಟ್ರೋಲ್ ವಾಲ್ವಿನಲ್ಲಿ ಮಸಿ. ಬಿಚ್ಚಿ, ಥ್ರಾಟಲ್ ಬಾಡಿ ಕ್ಲೀನರ್ ಸ್ಪ್ರೇಯಿಂದ ತೊಳೆಯಿರಿ. ಸ್ಟೆಪ್ಪರ್ ಮೋಟರಿನದಾದರೆ ಅದರ ಮೂತಿಯನ್ನು ಕೈಯಿಂದ ಒತ್ತಬೇಡಿ, ಒಳಗಿನ ಹಲ್ಲು ಹೋಗುತ್ತದೆ.

ಆರ್‌ಪಿಎಂ ಏರುತ್ತಾ ಇಳಿಯುತ್ತಾ ತೂಗುವ ಗಾಡಿಯದು ಬೇರೆ ವಿಚಾರ. ಗ್ಯಾಸ್ಕೆಟ್ಟಿನಲ್ಲೋ ಬಿರಿದ ಹೋಸಿನಲ್ಲೋ ಕಳ್ಳಗಾಳಿ ನುಗ್ಗುತ್ತಿರುತ್ತದೆ. ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇರುವ ಗಾಡಿಯಲ್ಲಿ ಅದಕ್ಕೆ ತಕ್ಕ ಪೆಟ್ರೋಲೂ ಬೀಳುತ್ತದೆ, ಆರ್‌ಪಿಎಂ ಏರುತ್ತದೆ. ಥ್ರಾಟಲ್, ಅಂದರೆ ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಗಾಳಿಯ ಕದ, ಮುಚ್ಚಿದೆ, ಆರ್‌ಪಿಎಂ ಮಾತ್ರ ಮೇಲಿದೆ. ಹಾಗಾದರೆ ಗಾಡಿ ಇಳಿಜಾರಿನಲ್ಲಿ ಹೋಗುತ್ತಿದೆ ಎಂದು ಇಸಿಯು ಪೆಟ್ರೋಲ್ ನಿಲ್ಲಿಸುತ್ತದೆ. ಇಂಜಿನ್ ಕುಸಿಯುತ್ತದೆ. ಮತ್ತೆ ಪೆಟ್ರೋಲ್ ಬಿಡುತ್ತದೆ, ಮತ್ತೆ ಏರುತ್ತದೆ. ಇಸಿಯು ಕೆಟ್ಟಿದೆ ಎಂದು ಗ್ಯಾರೇಜಿನವರು ಸಾವಿರಗಟ್ಟಲೆ ರೂಪಾಯಿ ಕೇಳುವುದು ಇಲ್ಲೇ. ಹಳೆಯ ಹೋಂಡಾದಲ್ಲಿ ರೇಡಿಯೇಟರಿನ ಕೂಲಂಟ್ ಕಡಿಮೆಯಾದರೂ ಹೀಗಾಗುತ್ತದೆ: ಥ್ರಾಟಲ್ ಬಾಡಿಯ ಕೆಳಗಿನ ಮೇಣದ ವಾಲ್ವು ಬಿಸಿ ನೀರು ತಾಗಿದರೆ ತಾನೇ ಮುಚ್ಚುವುದು? ಅಲ್ಲಿ ನೀರಿನ ಬದಲು ಗಾಳಿ ನಿಂತರೆ ಅದು ತೆರೆದೇ ಉಳಿಯುತ್ತದೆ.

ವ್ಯಾಕ್ಯೂಮ್ ಗೇಜಿದ್ದರೆ ಕಾದ ಇಂಜಿನ್ನಿನ ಐಡ್ಲಿಂಗ್‌ನಲ್ಲಿ ಮುಂಬೈಯ ಸಮುದ್ರಮಟ್ಟದಲ್ಲಿ ಪಾದರಸದ ಲೆಕ್ಕದಲ್ಲಿ 17ರಿಂದ 21 ಇಂಚು ತೋರಿಸಬೇಕು. ಪುಣೆ ಸುಮಾರು 560 ಮೀಟರ್ ಎತ್ತರದಲ್ಲಿರುವುದರಿಂದ ಎರಡು ಇಂಚು ಕಡಿಮೆ ಬಂದರೆ ಗಾಬರಿ ಬೇಡ. ಸೋರುವ ಜಾಗ ಹುಡುಕಲು ಕಾರ್ಬ್ ಕ್ಲೀನರ್ ಹೊಡೆಯುವವರಿದ್ದಾರೆ. ಬಿಸಿ ಸೈಲೆನ್ಸರಿನ ಪಕ್ಕದಲ್ಲಿ ಅದು ಬೆಂಕಿಗೆ ಆಹ್ವಾನ. ಬಾಟಲಿಯಲ್ಲಿ ನೀರು ತುಂಬಿ, ವೈರಿಂಗ್ ಮೇಲೆ ಬೀಳದಂತೆ ಸಂದುಗಳಿಗೆ ಸಿಂಪಡಿಸಿ. ಸೀಳಿದ್ದರೆ ನೀರು ಒಳಕ್ಕೆ ಎಳೆದುಕೊಳ್ಳುತ್ತದೆ, ಇಂಜಿನ್ನಿನ ಸದ್ದು ಆ ಕ್ಷಣಕ್ಕೆ ಬದಲಾಗುತ್ತದೆ. ಥ್ರಾಟಲ್ ಸ್ಟಾಪಿನ ಸ್ಕ್ರೂ ಮಾತ್ರ ಮುಟ್ಟಬೇಡಿ. ಅದನ್ನು ತಿರುಗಿಸಿ ಐಡ್ಲಿಂಗ್ ಏರಿಸಿದರೆ ಥ್ರಾಟಲ್ ಮುಚ್ಚಿದ್ದು ಇಸಿಯುಗೆ ತಿಳಿಯದೇ ಹೋಗುತ್ತದೆ, ಮುಂದೆ ಬಂದ ಮೆಕ್ಯಾನಿಕ್‌ಗೆ ಮೂಲ ದೋಷದ ಜೊತೆ ಇನ್ನೊಂದು ದೋಷ ಹುಡುಕುವ ಕೆಲಸ. ನಮಸ್ಕಾರ.