ರೆಕ್ಕೆಯ ಭಾರ ಹೆಬ್ಬೆರಳಿಗೆ ಗೊತ್ತಾಗಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ.

ಮೊದಲು ರೆಕ್ಕೆ ಮಡಚಿಕೊಂಡಿದ್ದು ಕಂಡಿತು. ಸದ್ದು ಆಮೇಲೆ ಬಂತು. ಒಣಕಡ್ಡಿ ಮುರಿದ ಹಾಗೆ, 'ಟಕ್' ಅಂತ. ನಾನು ನೆಲದ ಮೇಲೆ ನಿಂತಿದ್ದೆ, ಕೈಯಲ್ಲಿ ರಿಮೋಟು. ನನ್ನ ವಿಮಾನ ಮೂಗು ಕೆಳಗೆ ಮಾಡಿಕೊಂಡು ನೇರ ಇಳಿಯುತ್ತಿತ್ತು. ಮೇಲಕ್ಕೆತ್ತೋಣ ಅಂತ ಸ್ಟಿಕ್ ಎಳೆದೆ, ಅಷ್ಟೇ. ಬಲಗಡೆಯ ರೆಕ್ಕೆ ಪುಸ್ತಕ ಮುಚ್ಚಿದಂತೆ ಮೇಲಕ್ಕೆ ಮಡಚಿತು. ಮಿಕ್ಕಿದ್ದೆಲ್ಲ ಎರಡು ಸೆಕೆಂಡಿನ ಕಥೆ.

ರೇಡಿಯೋ ಕಂಟ್ರೋಲ್ ವಿಮಾನವನ್ನು ಆಕಾಶದಲ್ಲಿ ಪಲ್ಟಿ ಹೊಡೆಸೋರಿಗೆ ಒಂದು ತೊಂದರೆ ಇದೆ. ನಿಜವಾದ ವಿಮಾನದ ಪೈಲಟ್ ಒಳಗೇ ಕೂತಿರುತ್ತಾನೆ. ಜೋರಾಗಿ ಎಳೆದರೆ ಅವನ ಕೈಕಾಲು ಭಾರವಾಗುತ್ತವೆ, ಕೆನ್ನೆ ಜೋತು ಬೀಳುತ್ತದೆ, ಇನ್ನೂ ಎಳೆದರೆ ಕಣ್ಣಿಗೆ ಕತ್ತಲೆ ಬರುತ್ತದೆ. 'ಸಾಕಪ್ಪ' ಅಂತ ಮೈಯೇ ಹೇಳುತ್ತದೆ. ನಮಗೆ ಹಾಗೇನೂ ಇಲ್ಲ. ನೂರು ಕಿಲೋ ಭಾರ ಹಾಕಿದರೂ ಹೆಬ್ಬೆರಳಿನ ಕೆಳಗೆ ಅದೇ ಸಣ್ಣ ಸ್ಪ್ರಿಂಗು. ವಿಮಾನಕ್ಕೆ ನೋವಾದದ್ದು ನಮಗೆ ಗೊತ್ತಾಗುವುದೇ ಇಲ್ಲ.

ಭಾರ ಎಷ್ಟಿರುತ್ತದೆ ಅಂತ ಒಂದು ಸಲ ಲೆಕ್ಕ ಹಾಕೋಣ. 5 ಕಿಲೋದ ವಿಮಾನ. ಗಂಟೆಗೆ 108 ಕಿಲೋಮೀಟರ್ ವೇಗ, ಅಂದರೆ ಸೆಕೆಂಡಿಗೆ 30 ಮೀಟರ್. 15 ಮೀಟರ್ ತ್ರಿಜ್ಯದ ಲೂಪ್, ಅಂದರೆ ಮೇಲಕ್ಕೇರಿ ಹಿಂದಕ್ಕೆ ಪಲ್ಟಿ ಹೊಡೆದು ಕೆಳಗೆ ಬರುವ ಪೂರ್ತಿ ಸುತ್ತು, ಹಾಕಿದಿರಿ ಅನ್ನಿ. ಲೂಪಿನ ತಳದಲ್ಲಿ ರೆಕ್ಕೆ ಹೊರಬೇಕಾದದ್ದು ವಿಮಾನದ ತೂಕದ ಸುಮಾರು 7 ಪಟ್ಟು, ಇದನ್ನೇ 7 ಜಿ ಅನ್ನುತ್ತೇವೆ. ಅಂದರೆ 35 ಕಿಲೋ. ಈಗ ಲೂಪ್ ಅಷ್ಟೇ ಇರಲಿ, ವೇಗ ಮಾತ್ರ 144 ಆಗಲಿ. ವೇಗ ಜಾಸ್ತಿಯಾದದ್ದು ಮೂರನೇ ಒಂದು ಪಾಲು. ಭಾರ? ಸುಮಾರು 12 ಜಿ, 60 ಕಿಲೋ. ವೇಗ ಎರಡರಷ್ಟಾದರೆ ತಿರುವಿನ ಭಾರ ನಾಲ್ಕರಷ್ಟಾಗುತ್ತದೆ. ಎಲ್ಲರೂ ಎಡವುವುದು ಇಲ್ಲೇ.

ಹೋಲಿಕೆಗೆ ಹೇಳುತ್ತೇನೆ. ಎಕ್ಸ್‌ಟ್ರಾ 300 ಅನ್ನೋ ಹೆಸರುವಾಸಿ ಕಸರತ್ತಿನ ವಿಮಾನದ ಮಿತಿಯೇ 10 ಜಿ. ನಮ್ಮ ಮಾಡೆಲ್ ಅದನ್ನು ದಾಟಿಯೂ ಎಷ್ಟೋ ಸಲ ಉಳಿಯುತ್ತದೆ. ಅದಕ್ಕೆ ಗಾತ್ರ ಕಾರಣ. ಒಂದು ವಸ್ತುವನ್ನು ಎಲ್ಲ ಕಡೆಯಿಂದ ಎರಡರಷ್ಟು ದೊಡ್ಡದು ಮಾಡಿದರೆ ತೂಕ 8 ಪಟ್ಟಾಗುತ್ತದೆ, ಆದರೆ ಅದನ್ನು ಹೊರುವ ಕಡ್ಡಿ, ಪಟ್ಟಿಗಳ ಅಡ್ಡಕೊಯ್ತ 4 ಪಟ್ಟು ಮಾತ್ರ. ಚಿಕ್ಕದಕ್ಕೆ ಅದೊಂದು ಅನುಕೂಲ. ಇರುವೆಗೂ ಆನೆಗೂ ಇರೋ ವ್ಯತ್ಯಾಸವೇ ಇದು. ಆ ಅನುಕೂಲವನ್ನು ನಂಬಿಯೇ ನಾವು ಕೆಡುವುದೂ.

ಸರಿ, 12 ಜಿ ಬಿತ್ತು. ಆ ಭಾರ ಎಲ್ಲಿ ಹೋಗಿ ಕೂರುತ್ತದೆ? ರೆಕ್ಕೆಯ ಉದ್ದಕ್ಕೂ ಗಾಳಿ ಮೇಲಕ್ಕೆ ತಳ್ಳುತ್ತದೆ, ಮಧ್ಯದಲ್ಲಿ ಒಡಲಿನ ತೂಕ ಕೆಳಕ್ಕೆ ಜಗ್ಗುತ್ತದೆ. ಬಗ್ಗಿಸುವ ಬಲವೆಲ್ಲ ಬಂದು ಸೇರುವುದು ರೆಕ್ಕೆಯ ಬುಡದಲ್ಲಿ. ಬುಡದಲ್ಲಿರೋ ಸ್ಪಾರ್ ಅಂದರೆ ಮೇಲೊಂದು ಪಟ್ಟಿ, ಕೆಳಗೊಂದು ಪಟ್ಟಿ, ನಡುವೆ ತೆಳುವಾದ ಹಲಗೆ. ರೆಕ್ಕೆ ಮೇಲಕ್ಕೆ ಬಗ್ಗಿದಾಗ ಕೆಳಗಿನ ಪಟ್ಟಿಯನ್ನು ಹಿಗ್ಗಾಮುಗ್ಗಾ ಎಳೆದ ಹಾಗಾಗುತ್ತದೆ, ಮೇಲಿನದನ್ನು ಎರಡೂ ಕಡೆಯಿಂದ ಒತ್ತಿದ ಹಾಗೆ. ನಮ್ಮ 5 ಕಿಲೋದ ವಿಮಾನದಲ್ಲಿ ಎರಡು ರೆಕ್ಕೆ ಸೇರಿ 1.2 ಕಿಲೋ ಅನ್ನಿ. ರೆಕ್ಕೆ ತನ್ನ ತೂಕವನ್ನು ತಾನೇ ಹೊತ್ತುಕೊಳ್ಳುತ್ತದೆ, ಹಾಗಾಗಿ ಬುಡಕ್ಕೆ ಬೀಳುವುದು ಉಳಿದ 3.8 ಕಿಲೋದ ಭಾರ ಮಾತ್ರ. ಆದರೂ 12 ಜಿ ಬಿದ್ದಾಗ ಒಂದೊಂದು ರೆಕ್ಕೆಗೆ ಹತ್ತಿರ ಹತ್ತಿರ 23 ಕಿಲೋ ಆಯಿತು. ಅದು ಬುಡದಿಂದ 40 ಸೆಂಟಿಮೀಟರ್ ಆಚೆ ಕೂತು ಬಗ್ಗಿಸುತ್ತಿದೆ. ಪಟ್ಟಿಗಳ ನಡುವೆ 5 ಸೆಂಟಿಮೀಟರ್ ಅಂತರ ಇದ್ದರೆ ಒಂದೊಂದು ಪಟ್ಟಿಯ ಮೇಲೆ ಸುಮಾರು 180 ಕಿಲೋ ಬಲ! ಅಂತರ ಅರ್ಧ ಆದರೆ ಅದು 360. ರೆಕ್ಕೆ ತೆಳ್ಳಗೆ ಕಂಡರೆ ಚೆಂದ ಅಂತ ತೆಳ್ಳಗೆ ಮಾಡುವವರು ಈ ಲೆಕ್ಕ ಒಂದು ಸಲ ಬರೆದು ನೋಡಬೇಕು.

ಮರಕ್ಕೆ ಎಳೆತ ತಡೆಯುವಷ್ಟು ಚೆನ್ನಾಗಿ ಒತ್ತಡ ತಡೆಯಲು ಬರುವುದಿಲ್ಲ. ಹಾಗಾಗಿ ಸಾಮಾನ್ಯವಾಗಿ ಮೊದಲು ಸೋಲುವುದು ಮೇಲಿನ ಪಟ್ಟಿ. ಬಿದ್ದ ನನ್ನ ವಿಮಾನವನ್ನು ಹೆಕ್ಕಿ ತಂದು ಮೇಜಿನ ಮೇಲೆ ಹರಡಿಕೊಂಡು ನೋಡಿದೆ. ಕೆಳಗಿನ ಪಟ್ಟಿ ಉದ್ದುದ್ದ ಸಿಬಿರೆದ್ದು ಹರಿದಿತ್ತು. ಮೇಲಿನ ಪಟ್ಟಿ ಹಾಗಲ್ಲ. ಒಂದು ಜಾಗದಲ್ಲಿ ನುಗ್ಗಾಗಿ, ನಾರು ಮಡಿಕೆಮಡಿಕೆಯಾಗಿ ಕೂತಿತ್ತು. ಆ ಜಾಗ ಯಾವುದು ಗೊತ್ತಾ? ಎರಡು ರೆಕ್ಕೆಗಳನ್ನು ಜೋಡಿಸುವ ಕಾರ್ಬನ್ ಕೊಳವೆ ಮುಗಿದು, ನಡುವಿನ ಹಲಗೆಯೂ ಅಲ್ಲೇ ಮುಗಿದ ಜಾಗ. ಹಲಗೆಯನ್ನು ಇನ್ನೆರಡು ರಿಬ್, ಅಂದರೆ ರೆಕ್ಕೆಗೆ ಆಕಾರ ಕೊಡುವ ಅಡ್ಡಪಟ್ಟಿ, ಮುಂದಕ್ಕೆ ಒಯ್ಯಬೇಕಿತ್ತು. ಹತ್ತು ಗ್ರಾಂ ಉಳಿಯಿತು ಅಂತ ಬೀಗಿದ್ದವನು ನಾನೇ. ಗಟ್ಟಿಯಾಗಿದ್ದದ್ದು ತಟ್ಟನೆ ಮೆತ್ತಗಾಗುವ ಕಡೆಯೇ ಮುರಿಯುತ್ತದೆ. ಬೆಲ್ಟು ಹರಿಯುವುದು ತೂತಿನ ಹತ್ತಿರ ಅಲ್ವಾ, ಹಾಗೆ.

ಹಾಗಂತ ಎಲ್ಲ ಕಡೆ ದಪ್ಪ ಪ್ಲೈವುಡ್ ಹಾಕಿದರೂ ಕೆಲಸ ಕೆಟ್ಟಿತು. ತೂಕ ಏರಿದರೆ ಪ್ರತಿ ಜಿ ಗೂ ಭಾರ ಏರುತ್ತದೆ. ನಡುವಿನ ಹಲಗೆಗೆ ಬಾಲ್ಸಾ ಅನ್ನೋ ಹಗುರ ಮರವೇ ಸಾಕು, ಅದರ ನಾರು ನಿಂತ ದಿಕ್ಕಿನಲ್ಲಿರಬೇಕು, ಅಷ್ಟೇ. ಮಲಗಿಸಿ ಅಂಟಿಸಿದರೆ ಸೀಳಿಕೊಂಡು ಹೋಗುತ್ತದೆ.

ನೋಡಲು ಭಯಂಕರವಾದ ಕಸರತ್ತೆಲ್ಲ ವಿಮಾನಕ್ಕೆ ಭಾರವೇನಲ್ಲ. ಪ್ರೊಪೆಲ್ಲರಿನ ಮೇಲೆ ನೇತಾಡೋದು, ಮೂಗೆತ್ತಿ ತೂರಾಡುತ್ತಾ ನಿಧಾನ ಹೋಗೋದು, ಇದನ್ನೆಲ್ಲ ನೋಡಿದವರು ಬಾಯಿ ಬಿಡುತ್ತಾರೆ. ರೆಕ್ಕೆಗೆ ಅದು ಆಟ. ರೆಕ್ಕೆ ಎಷ್ಟು ಹೊರಬಲ್ಲದು ಅನ್ನೋದಕ್ಕೆ ಗಾಳಿಯೇ ಒಂದು ಮಿತಿ ಇಟ್ಟಿದೆ. ಗಂಟೆಗೆ 36 ಕಿಲೋಮೀಟರಿಗೆ ಸ್ಟಾಲ್ ಆಗುವ, ಅಂದರೆ ರೆಕ್ಕೆ ಎತ್ತುವ ಶಕ್ತಿ ಕಳೆದುಕೊಳ್ಳುವ, ವಿಮಾನ 72ರಲ್ಲಿ ಹಾರುವಾಗ ಎಷ್ಟೇ ಎಳೆದರೂ 4 ಜಿ ದಾಟುವುದಿಲ್ಲ, ಅದಕ್ಕೆ ಮೊದಲೇ ರೆಕ್ಕೆ ಸ್ಟಾಲ್ ಆಗುತ್ತದೆ. 144ರಲ್ಲಿ? 16 ಜಿ ವರೆಗೂ ಎಳೆಯಬಹುದು. ಹೆಬ್ಬೆರಳಿನ ಚಲನೆ ಎರಡರಲ್ಲೂ ಒಂದೇ. ಸ್ನ್ಯಾಪ್ ರೋಲ್, ಅಂದರೆ ತಟ್ಟನೆ ಅಡ್ಡಕ್ಕೆ ಉರುಳೋ ಕಸರತ್ತು, ಅದರ ಕಥೆಯೂ ಇದೇ. ಒಂದು ರೆಕ್ಕೆ ಸ್ಟಾಲ್ ಆಗಿ ಇನ್ನೊಂದು ಎತ್ತುತ್ತಿರುವಾಗ ಒಡಲು ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ, ಬಾಲದ ಅಂಟೆಲ್ಲ ಪರೀಕ್ಷೆಗೆ ಕೂರುತ್ತದೆ. ವೇಗ ಇಳಿಸಿಕೊಂಡು ಮಾಡಿದರೆ ಏನೂ ಆಗಲ್ಲ. ಪೂರ್ತಿ ಥ್ರಾಟಲ್‌ನಲ್ಲಿ ಮಾಡಿದರೆ ಬಾಲ ಬೇರೆ, ವಿಮಾನ ಬೇರೆ.

ಇನ್ನು ಫ್ಲಟರ್. ರೆಕ್ಕೆಯ ಹಿಂದಿನ ಅಂಚಿನಲ್ಲಿ ಆಡುವ ಏಲೆರಾನ್ ಅಥವಾ ಬಾಲದಲ್ಲಿ ಆಡುವ ಎಲಿವೇಟರಿನ ಜೋಡಣೆಯಲ್ಲಿ ಕೂದಲೆಳೆಯಷ್ಟು ಸಡಿಲ ಇದ್ದರೂ, ಒಂದು ವೇಗ ದಾಟಿದ ಮೇಲೆ ಅದು ತಾನಾಗಿ ಬಡಿದುಕೊಳ್ಳಲು ಶುರು ಮಾಡಬಹುದು. ದಪ್ಪ ಕಾಗದಕ್ಕೆ ಜೋರಾಗಿ ಗಾಳಿ ಊದಿದಂಥ 'ಬರ್‌ರ್' ಸದ್ದು. ಕೇಳಿಸಿತೋ, ಆ ಕ್ಷಣವೇ ಥ್ರಾಟಲ್ ಇಳಿಸಿ, ಮೆಲ್ಲಗೆ ಮೂಗೆತ್ತಿ, ಇಳಿಸಿಬಿಡಿ. 'ಇನ್ನೊಂದು ರೌಂಡ್ ನೋಡೋಣ' ಅನ್ನಬೇಡಿ. ಇಳಿದ ಮೇಲೆ ಕೀಲುಗಳನ್ನೂ ಅವನ್ನು ಆಡಿಸುವ ಪುಟ್ಟ ಮೋಟಾರುಗಳ (ಸರ್ವೊ) ಗೇರುಗಳನ್ನೂ ಬೆರಳಲ್ಲಿ ಅಲ್ಲಾಡಿಸಿ ನೋಡಿ.

ಬ್ಯಾಟರಿಯನ್ನು ಮರೆಯುವವರೇ ಜಾಸ್ತಿ. 1 ಕಿಲೋದ ಬ್ಯಾಟರಿ 12 ಜಿ ಯಲ್ಲಿ 12 ಕಿಲೋ. ಮಾಮೂಲಿ ಲೂಪಿನಲ್ಲಿ ಅದು ತಟ್ಟೆಯ ಮೇಲೆ ಒತ್ತುತ್ತದೆ, ಸರಿ. ಸ್ಟಿಕ್ ಮುಂದಕ್ಕೆ ತಳ್ಳಿ ಉಲ್ಟಾ ಲೂಪ್ ಹಾಕಿದಾಗ ಪೂರ್ತಿ ಭಾರ ಬ್ಯಾಟರಿ ಕಟ್ಟಿದ ಪಟ್ಟಿಯ ಮೇಲೆ. ಒಂದೇ ಪಟ್ಟಿ ಇದ್ದರೆ ಬ್ಯಾಟರಿ ಮೇಲಿನ ಮುಚ್ಚಳ (ಕ್ಯಾನೊಪಿ) ಒಡೆದುಕೊಂಡು ಹೊರಟೇ ಹೋಗಬಹುದು.

ಈಗ ನಾನು ಹಾರಿಸುವ ಮುಂಚೆ ರೆಕ್ಕೆಯ ತುದಿ ಹಿಡಿದು ಮೆಲ್ಲಗೆ ಮೇಲೆ ಕೆಳಗೆ ಬಗ್ಗಿಸಿ ಕಿವಿ ಕೊಡುತ್ತೇನೆ. ಟಿಕ್ ಅಂದರೆ ಎಲ್ಲೋ ಅಂಟು ಬಿಟ್ಟಿದೆ ಅಂತ ಅರ್ಥ. ಮೇಲಿನ ಹೊದಿಕೆಯನ್ನೂ ನೋಡುತ್ತೇನೆ. ಬಿಸಿಲಿಗೆ ಬಂದ ಸುಕ್ಕು ಎಲ್ಲ ಕಡೆ ಇರುತ್ತದೆ, ಇಸ್ತ್ರಿ ಆಡಿಸಿದರೆ ಹೋಗುತ್ತದೆ. ಒಂದೇ ಜಾಗದಲ್ಲಿ ಓರೆಯಾಗಿ ಬಂದು, ಇಸ್ತ್ರಿ ಮಾಡಿದರೂ ಮತ್ತೆ ಮತ್ತೆ ಬರುವ ಸುಕ್ಕು ಬೇರೆ. ಹೋದ ವಾರ ಅಂಥದ್ದೊಂದು ಎಡಗಡೆ ಬುಡದಲ್ಲಿ ಕಂಡಿತು. ಹಾರಿಸಲಿಲ್ಲ. ಮನೆಗೆ ತಂದು ಹೊದಿಕೆ ಬಿಚ್ಚಿ ನೋಡಿದರೆ ಎರಡನೇ ರಿಬ್ಬಿನಲ್ಲಿ ಉಗುರುದ್ದದ ಬಿರುಕು. ಎಪಾಕ್ಸಿ ಅಂಟು ಹಾಕಿ ಕ್ಲಿಪ್ ಕಚ್ಚಿಸಿ ಇಟ್ಟು ಬಂದಿದ್ದೇನೆ, ನಾಳೆಗೆ ಒಣಗಬಹುದು.

ನಮಸ್ಕಾರ.