‘ಉಪ’ ಎಂಬ ಎರಡಕ್ಷರ

ಕೇಳುಗರಿಗೆ ನಮಸ್ಕಾರ.

1977ರ ಫೆಬ್ರುವರಿ 11. ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಅದೇ ದಿನ ನಮ್ಮ ಜಮಖಂಡಿ ಸೀಮೆಯ ಸಾವಳಗಿಯವರು, ಒಂದು ಕಾಲಕ್ಕೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದ, ಆಗ ಉಪರಾಷ್ಟ್ರಪತಿಯಾಗಿದ್ದ ಬಿ.ಡಿ. ಜತ್ತಿಯವರು, ಹಂಗಾಮಿ ರಾಷ್ಟ್ರಪತಿಯಾದರು. ಮುಂದೇನು ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ರಾಷ್ಟ್ರಪತಿಯ ಸ್ಥಾನ ತೆರವಾದರೆ ಉಪರಾಷ್ಟ್ರಪತಿ ಆ ಕೆಲಸ ನೋಡಿಕೊಳ್ಳಬೇಕು ಎಂದು ಸಂವಿಧಾನದ 65ನೇ ವಿಧಿಯಲ್ಲಿ ಬರೆದಿಟ್ಟಿದೆ. ಜುಲೈ 25ರವರೆಗೆ ಜತ್ತಿಯವರು ಆ ಹೊಣೆ ಹೊತ್ತರು. ಚುನಾವಣೆ ನಡೆದು ತುರ್ತುಪರಿಸ್ಥಿತಿ ಮುಗಿದು, ಮಾರ್ಚ್ 24ರಂದು ಮೊರಾರ್ಜಿ ದೇಸಾಯಿಯವರಿಗೆ ಪ್ರಧಾನಿಯಾಗಿ ಪ್ರಮಾಣ ಬೋಧಿಸಿದವರೂ ಅವರೇ.

ಈಗ ಹದಿಮೂರು ವರ್ಷ ಹಿಂದಕ್ಕೆ ಹೋಗೋಣ. 1964ರ ಮೇ 27ರಂದು ನೆಹರು ನಿಧನರಾದರು. ಪ್ರಧಾನಿ ತೀರಿಕೊಂಡರೆ ಯಾರು ಎಂಬುದಕ್ಕೆ ಸಂವಿಧಾನದಲ್ಲಿ ಒಂದು ಸಾಲೂ ಇರಲಿಲ್ಲ. ಸಂಪುಟದ ಹಿರಿಯ, ಗೃಹ ಸಚಿವ ಗುಲ್ಜಾರಿಲಾಲ್ ನಂದಾ ಅವರನ್ನು ಕರೆದು ಪ್ರಮಾಣ ವಚನ ಬೋಧಿಸಲಾಯಿತು. ಹದಿಮೂರು ದಿನ ಅವರು ಪ್ರಧಾನಿ. 1966ರ ಜನವರಿಯಲ್ಲಿ ತಾಷ್ಕೆಂಟಿನಲ್ಲಿ ಶಾಸ್ತ್ರಿಯವರು ತೀರಿಕೊಂಡಾಗ ಮತ್ತೆ ಅದೇ ನಂದಾ, ಮತ್ತೆ ಹದಿಮೂರು ದಿನ. ಎರಡು ಸಲವೂ ಉಪಪ್ರಧಾನಿ ಎಂಬವರು ದೇಶದಲ್ಲಿ ಇರಲಿಲ್ಲ. ಆ ಸಾಲು ಇವತ್ತಿಗೂ ಬರೆದಿಲ್ಲ.

‘ಉಪ’ ಎಂಬ ಎರಡಕ್ಷರದ ಬಗ್ಗೆ ಸ್ವಲ್ಪ ಯೋಚಿಸಿ. ಸಂಸ್ಕೃತದಲ್ಲಿ ಅದಕ್ಕೆ ಹತ್ತಿರ ಎಂದು ಅರ್ಥ. ಕನ್ನಡದಲ್ಲಿ ಉಪನದಿ, ಉಪಕಥೆ ಎನ್ನುವಾಗ ದೊಡ್ಡದೊಂದನ್ನು ಸೇರಿಕೊಳ್ಳುವ ಚಿಕ್ಕದು ಎಂಬ ಭಾವ ಬರುತ್ತದೆ. ಸರ್ಕಾರದ ಭಾಷೆಯಲ್ಲಿ ಉಪಮಂತ್ರಿ ಎಂದರೆ ಸಚಿವರ ಸಾಲಿನಲ್ಲಿ ತೀರ ಕೆಳಗಿನವರು. ಆದರೆ ಉಪಮುಖ್ಯಮಂತ್ರಿ ಎಂದೊಡನೆ ಅದೇ ಎರಡಕ್ಷರ ಒಬ್ಬರನ್ನು ಉಳಿದೆಲ್ಲ ಸಚಿವರಿಗಿಂತ ಮೇಲಕ್ಕೆ ಎತ್ತಿಬಿಡುತ್ತದೆ. ಎತ್ತುವ ಶಕ್ತಿ ಆ ಪದಕ್ಕೆ ಎಲ್ಲಿಂದ ಬಂತು? ಕಾನೂನಿನಿಂದಂತೂ ಬಂದಿಲ್ಲ.

ಸಂವಿಧಾನದ 74ನೇ ವಿಧಿ ಹೇಳುವುದು ಪ್ರಧಾನಮಂತ್ರಿ ಮುಖ್ಯಸ್ಥರಾಗಿರುವ ಮಂತ್ರಿಮಂಡಲದ ಬಗ್ಗೆ. ರಾಜ್ಯಗಳಿಗೆ 163ನೇ ವಿಧಿ ಹೇಳುವುದೂ ಅದನ್ನೇ. ಉಪಪ್ರಧಾನಿಯೂ ಅಲ್ಲಿಲ್ಲ, ಉಪಮುಖ್ಯಮಂತ್ರಿಯೂ ಇಲ್ಲ. 1989ರ ಡಿಸೆಂಬರ್ 2ರಂದು ರಾಷ್ಟ್ರಪತಿ ಭವನದಲ್ಲಿ ಈ ಮಾತು ಎಲ್ಲರ ಕಿವಿಗೆ ಬಿತ್ತು. ಪ್ರಮಾಣ ಬೋಧಿಸುತ್ತಾ ರಾಷ್ಟ್ರಪತಿ ವೆಂಕಟರಾಮನ್ ‘ಮಂತ್ರಿ’ ಎಂದು ಓದಿ ಹೇಳಿಕೊಟ್ಟರೆ, ಹರಿಯಾಣದ ರೈತ ನಾಯಕ ದೇವಿಲಾಲ್ ‘ಉಪಪ್ರಧಾನಮಂತ್ರಿ’ ಎಂದು ಓದಿದರು. ರಾಷ್ಟ್ರಪತಿ ತಿದ್ದಿದರು. ದೇವಿಲಾಲ್ ಮತ್ತೆ ಹಾಗೆಯೇ ಅಂದರು. ಪ್ರಮಾಣವೇ ಅಸಿಂಧು ಎಂದು ಕೆಲವರು ಸುಪ್ರೀಂ ಕೋರ್ಟಿನವರೆಗೆ ಹೋದರು. ಉಪಪ್ರಧಾನಿ ಎಂಬುದು ಬರೀ ವರ್ಣನೆ, ಅದರಿಂದ ಪ್ರಧಾನಿಯ ಯಾವ ಅಧಿಕಾರವೂ ಅವರಿಗೆ ಬರುವುದಿಲ್ಲ, ಅವರು ಇತರರಂತೆ ಒಬ್ಬ ಸಚಿವರು, ಎಂದು 1990ರಲ್ಲಿ ನ್ಯಾಯಾಲಯ ತೀರ್ಮಾನಿಸಿತು. 2024ರ ಫೆಬ್ರುವರಿಯಲ್ಲಿ ಉಪಮುಖ್ಯಮಂತ್ರಿಗಳ ನೇಮಕವನ್ನು ಪ್ರಶ್ನಿಸಿದ ಅರ್ಜಿ ಬಂದಾಗಲೂ ಅದೇ ನಿಲುವು. ಹೆಸರು ಏನೇ ಇರಲಿ, ಅವರು ಮೊದಲು ಸಚಿವರು. ಆ ಹೆಸರಿನಿಂದ ಸಂವಿಧಾನಕ್ಕೆ ಭಂಗವೇನೂ ಬಂದಿಲ್ಲ.

ಹಾಗಾದರೆ ತೂಕ ಯಾವುದರದು? ನನ್ನ ಉತ್ತರ ಒಂದೇ ಪದ: ಖಾತೆ.

ನಮ್ಮ ಮೊದಲ ಉಪಪ್ರಧಾನಿ ಸರ್ದಾರ್ ಪಟೇಲರನ್ನು ನೋಡಿ. ಗೃಹ ಖಾತೆ ಅವರದು, ಸಂಸ್ಥಾನಗಳ ಖಾತೆ ಅವರದು. ಈ ಬಾನುಲಿಯನ್ನು ನೋಡಿಕೊಳ್ಳುವ ಪ್ರಸಾರ ಖಾತೆಯೂ ಅವರಲ್ಲೇ ಇತ್ತು. ಮುಂದೆ ಅದನ್ನು ನಿರ್ವಹಿಸಿದವರು ನಮ್ಮ ರಂಗನಾಥ ದಿವಾಕರರು. 1948ರ ಸೆಪ್ಟೆಂಬರ್ 17ರಂದು ನಿಜಾಮನ ಆಳ್ವಿಕೆ ಮುಗಿದು ಬೀದರ್, ಕಲಬುರಗಿ, ರಾಯಚೂರಿನ ಜನ ಉಸಿರು ಬಿಟ್ಟರಲ್ಲ, ಅದರ ಹಿಂದಿದ್ದದ್ದು ಸಂಸ್ಥಾನ ಖಾತೆಯ ಹಿಡಿತ, ಉಪಪ್ರಧಾನಿ ಎಂಬ ಬಿರುದಲ್ಲ. 1949ರ ಅಕ್ಟೋಬರ್‌ನಲ್ಲಿ ನೆಹರು ಅಮೆರಿಕಕ್ಕೆ ಹೊರಟಾಗ ದೆಹಲಿಯಲ್ಲಿ ಸರ್ಕಾರ ನಡೆಸಿದವರು ಪಟೇಲರೇ. ಇಬ್ಬರ ನಡುವೆ ಭಿನ್ನಾಭಿಪ್ರಾಯ ಬೇಕಾದಷ್ಟಿತ್ತು. ಆದರೂ ಬೆನ್ನು ತಿರುಗಿಸಿ ಹೋಗುವಷ್ಟು ನಂಬಿಕೆ ಇತ್ತು. ಉಪ ಎಂದರೆ ಹತ್ತಿರ ಎಂಬ ಅರ್ಥ ನಿಜವಾಗಿ ಕೂಡಿಬಂದದ್ದು ಆಗ ಎಂದು ನಾನು ತಿಳಿದಿದ್ದೇನೆ.

ಖಾತೆ ಹೋದರೆ ಏನಾಗುತ್ತದೆ? 1969ರ ಜುಲೈನಲ್ಲಿ ಇಂದಿರಾ ಗಾಂಧಿಯವರು ಮೊರಾರ್ಜಿ ದೇಸಾಯಿಯವರಿಂದ ಹಣಕಾಸು ಖಾತೆಯನ್ನು ಹಿಂದಕ್ಕೆ ಪಡೆದರು. ಉಪಪ್ರಧಾನಿಯಾಗಿ ಮುಂದುವರಿಯಲು ಅಡ್ಡಿ ಇರಲಿಲ್ಲ. ಮೊರಾರ್ಜಿ ಒಪ್ಪಲಿಲ್ಲ, ರಾಜೀನಾಮೆ ಕೊಟ್ಟು ಹೊರಬಂದರು. ಅದೇ ವಾರ, ಜುಲೈ 19ರಂದು, ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣವಾದವು. ನಮ್ಮ ಕರಾವಳಿಯಲ್ಲಿ ಹುಟ್ಟಿದ ಕೆನರಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್ ಕೂಡ ಅವುಗಳಲ್ಲಿದ್ದವು. ಬರಿಯ ಬಿರುದನ್ನು ಹೊತ್ತು ಕೂರಲಾರೆ ಎಂದ ಮೊರಾರ್ಜಿಯವರ ನಿರ್ಧಾರ ನನಗೆ ಗೌರವ ತರಿಸುತ್ತದೆ, ಬ್ಯಾಂಕುಗಳ ವಿಷಯದಲ್ಲಿ ನಾನು ಅವರ ಪಕ್ಷವಲ್ಲದಿದ್ದರೂ.

ಕರ್ನಾಟಕಕ್ಕೆ ಬರೋಣ. ವೀರಪ್ಪ ಮೊಯಿಲಿಯವರ ಸಂಪುಟದಲ್ಲಿ ಎಸ್.ಎಂ. ಕೃಷ್ಣ ಉಪಮುಖ್ಯಮಂತ್ರಿಯಾಗಿದ್ದರು. ದೇವೇಗೌಡರ ಜೊತೆ ಜೆ.ಎಚ್. ಪಟೇಲರಿದ್ದರು. 1996ರಲ್ಲಿ ಗೌಡರು ಪ್ರಧಾನಿಯಾಗಿ ದೆಹಲಿಗೆ ಹೋದಾಗ ಪಟೇಲರು ಮುಖ್ಯಮಂತ್ರಿ, ಸಿದ್ದರಾಮಯ್ಯ ಉಪಮುಖ್ಯಮಂತ್ರಿ. ಹಣಕಾಸು ಖಾತೆ ಕೈಲಿದ್ದುದರಿಂದ ಸಿದ್ದರಾಮಯ್ಯನವರ ಆ ಸ್ಥಾನಕ್ಕೆ ಕಸುವಿತ್ತು. 2006ರ ಸಮ್ಮಿಶ್ರ ಸರ್ಕಾರದಲ್ಲಿ ಯಡಿಯೂರಪ್ಪನವರೂ ಹಣಕಾಸು ನೋಡಿಕೊಂಡೇ ಉಪಮುಖ್ಯಮಂತ್ರಿಯಾಗಿದ್ದರು. ಆದರೆ ಅವರ ನಿಜವಾದ ಆಧಾರ ಇಪ್ಪತ್ತು ತಿಂಗಳಿಗೊಮ್ಮೆ ಅಧಿಕಾರ ಹಸ್ತಾಂತರ ಎಂಬ ಮಾತು. ಆ ಮಾತು ನಡೆಯದೆ ಹೋದಾಗ ಉಪಮುಖ್ಯಮಂತ್ರಿ ಎಂಬ ಹೆಸರು ಅವರನ್ನು ಒಂದು ಹೆಜ್ಜೆಯೂ ಮುಂದೆ ಕೊಂಡೊಯ್ಯಲಿಲ್ಲ.

ಬರುಬರುತ್ತಾ ಈ ಸ್ಥಾನ ಸಮುದಾಯಗಳನ್ನು, ಪ್ರದೇಶಗಳನ್ನು, ಬಣಗಳನ್ನು ಸಮಾಧಾನ ಮಾಡುವ ಸಾಧನವಾಯಿತು. ಜಗದೀಶ ಶೆಟ್ಟರ್ ಸಂಪುಟದಲ್ಲಿ ಇಬ್ಬರು, 2019ರಲ್ಲಿ ಯಡಿಯೂರಪ್ಪನವರ ಸಂಪುಟದಲ್ಲಿ ಮೂವರು, ಅದೇ ವರ್ಷ ಪಕ್ಕದ ಆಂಧ್ರದಲ್ಲಿ ಐವರು. ಸಮಾಧಾನ ಮಾಡುವುದನ್ನು ನಾನು ಹೀಗಳೆಯುವುದಿಲ್ಲ. ಇಷ್ಟೊಂದು ಬಗೆಯ ಜನರಿರುವ ನಾಡಿನಲ್ಲಿ ನಮ್ಮವರೂ ಮೇಲಿದ್ದಾರೆ ಎಂಬ ಭಾವನೆಗೆ ಬೆಲೆಯಿದೆ. ನನ್ನನ್ನು ಕಾಡುವುದು ಬೇರೆ. 2020ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿಗೆ ಕೋವಿಡ್ ತಗುಲಿತು. ಮೂವರು ಉಪಮುಖ್ಯಮಂತ್ರಿಗಳಿದ್ದರೂ ಅವರು ಆಸ್ಪತ್ರೆಯ ಹಾಸಿಗೆಯಿಂದಲೇ ಕೆಲಸ ಮಾಡಬೇಕಾಯಿತು. ಮೂವರಲ್ಲಿ ಯಾರು ಮೊದಲು ಎಂದು ಹೇಳುವುದಾದರೂ ಹೇಗೆ?

ಇದಕ್ಕಿಂತ ಕಷ್ಟದ ದಿನಗಳನ್ನು ಕಂಡದ್ದು ತಮಿಳುನಾಡು. 2016ರ ಸೆಪ್ಟೆಂಬರ್ 22ರಂದು ಜಯಲಲಿತಾ ಆಸ್ಪತ್ರೆಗೆ ಸೇರಿದರು. ಸುಮಾರು ಮೂರು ವಾರ ಅವರ ಖಾತೆಗಳು ಬೇರೆ ಯಾರ ಕೈಗೂ ಹೋಗಲಿಲ್ಲ. ಅಕ್ಟೋಬರ್ 11ರಂದು ರಾಜ್ಯಪಾಲರು ಅವುಗಳನ್ನು ಹಣಕಾಸು ಸಚಿವ ಪನ್ನೀರ್‌ಸೆಲ್ವಂ ಅವರಿಗೆ ಹಂಚಿದರು, ಸಂಪುಟ ಸಭೆ ನಡೆಸುವ ಹೊಣೆಯನ್ನೂ ಕೊಟ್ಟರು. ಡಿಸೆಂಬರ್ 5ರಂದು ಜಯಲಲಿತಾ ಕಣ್ಣುಮುಚ್ಚುವವರೆಗೂ ಮುಖ್ಯಮಂತ್ರಿ ಅವರೇ. ಪನ್ನೀರ್‌ಸೆಲ್ವಂ ಆಗ ಉಪಮುಖ್ಯಮಂತ್ರಿಯಲ್ಲ. ಆ ಹೆಸರು ಅವರಿಗೆ ಬಂದದ್ದು ಮರುವರ್ಷ, ಎರಡು ಬಣಗಳು ಕೂಡಿಕೊಂಡಾಗ. ಕೆಲಸವಿದ್ದಾಗ ಹೆಸರಿರಲಿಲ್ಲ, ಹೆಸರು ಬಂದಾಗ ಕಾರಣ ಬೇರೆಯಿತ್ತು.

ಐರ್ಲೆಂಡಿನವರು ಇದನ್ನು 1937ರ ತಮ್ಮ ಸಂವಿಧಾನದಲ್ಲೇ ಇತ್ಯರ್ಥ ಮಾಡಿಕೊಂಡರು. ಅಲ್ಲಿ ಪ್ರಧಾನಿಯನ್ನು ಟೀಶಕ್ ಎನ್ನುತ್ತಾರೆ, ಉಪಪ್ರಧಾನಿ ಟಾನಿಷ್ಟೆ. ಟೀಶಕ್ ತೀರಿಕೊಂಡರೆ ಅಥವಾ ಶಾಶ್ವತವಾಗಿ ಅಶಕ್ತರಾದರೆ, ಹೊಸಬರ ನೇಮಕ ಆಗುವವರೆಗೆ ಟಾನಿಷ್ಟೆ ಎಲ್ಲ ಕೆಲಸವನ್ನೂ ಮಾಡಬೇಕು. ತಾತ್ಕಾಲಿಕವಾಗಿ ಊರಲ್ಲಿಲ್ಲದಾಗಲೂ ಅಷ್ಟೇ. ಜರ್ಮನಿಯ ಮೂಲ ಕಾನೂನಿನ 69ನೇ ವಿಧಿಯ ಪ್ರಕಾರ ಚಾನ್ಸಲರ್ ಒಬ್ಬ ಸಚಿವರನ್ನು ತನ್ನ ಪ್ರತಿನಿಧಿಯಾಗಿ ನೇಮಿಸಲೇಬೇಕು. ಎರಡೂ ಕಡೆ ಒಬ್ಬರೇ, ಮೂವರಲ್ಲ.

ಇದಕ್ಕೆ ಒಂದು ಆಕ್ಷೇಪವಿದೆ, ಅದು ತೂಕದ್ದು. ಸಂಸದೀಯ ಪದ್ಧತಿಯಲ್ಲಿ ನಾಯಕರನ್ನು ಆರಿಸುವುದು ಸದನದ ಬಹುಮತ. ಉಪಪ್ರಧಾನಿಗೆ ಉತ್ತರಾಧಿಕಾರ ಬರೆದುಕೊಟ್ಟರೆ ಆ ಹಕ್ಕಿಗೆ ಕುತ್ತು ಬರುತ್ತದೆ. ಒಪ್ಪುತ್ತೇನೆ. ಆಸ್ಟ್ರೇಲಿಯದಲ್ಲಿ 1967ರ ಡಿಸೆಂಬರ್ 17ರಂದು ಪ್ರಧಾನಿ ಹೆರಾಲ್ಡ್ ಹೋಲ್ಟ್ ಸಮುದ್ರದಲ್ಲಿ ಈಜಲು ಹೋಗಿ ಕಣ್ಮರೆಯಾದರು. ಮಿತ್ರಪಕ್ಷದ ನಾಯಕ ಜಾನ್ ಮೆಕ್ಯೂವನ್ ಮೂರು ವಾರ ಪ್ರಧಾನಿಯಾಗಿದ್ದು, ದೊಡ್ಡ ಪಕ್ಷ ತನ್ನ ನಾಯಕ ಜಾನ್ ಗಾರ್ಟನ್ ಅವರನ್ನು ಆರಿಸಿಕೊಂಡ ಮೇಲೆ ಕುರ್ಚಿ ಬಿಟ್ಟುಕೊಟ್ಟರು. ಉಪಪ್ರಧಾನಿ ಎಂಬ ಅಧಿಕೃತ ಹೆಸರು ಅವರಿಗೆ ಸಿಕ್ಕಿದ್ದು ಆ ಬಳಿಕ, 1968ರಲ್ಲಿ. ನಂದಾ ಅವರೂ ಎರಡು ಸಲ ಮಾಡಿದ್ದು ಇದನ್ನೇ. ನಾನು ಕೇಳುತ್ತಿರುವುದು ಸಹ ಇಷ್ಟೇ: ಕುರ್ಚಿ ಕಾಯುವವರು ಯಾರು ಎಂಬುದು ಮೊದಲೇ ತಿಳಿದಿರಲಿ.

ಅದಕ್ಕೆ ಸಂವಿಧಾನ ತಿದ್ದುಪಡಿ ಬೇಕಿಲ್ಲ. ಸರ್ಕಾರದ ಕೆಲಸ ಹೇಗೆ ನಡೆಯಬೇಕೆಂಬ ನಿಯಮಗಳನ್ನು 166ನೇ ವಿಧಿಯ ಮೂರನೇ ಖಂಡದಡಿ ರಾಜ್ಯಪಾಲರು ಸಂಪುಟದ ಸಲಹೆಯಂತೆ ರೂಪಿಸುತ್ತಾರೆ. ಕೇಂದ್ರಕ್ಕೆ 77ನೇ ವಿಧಿ. ತಮಿಳುನಾಡಿನಲ್ಲಿ ಅಕ್ಟೋಬರ್ 11ರಂದು ಕೊನೆಗೆ ನೆರವಿಗೆ ಬಂದದ್ದು 166ನೇ ವಿಧಿಯೇ. ಮುಖ್ಯಮಂತ್ರಿ ಪ್ರಮಾಣ ಸ್ವೀಕರಿಸಿದ ವಾರದಲ್ಲೇ ಒಬ್ಬ ಸಚಿವರ ಹೆಸರನ್ನು ಬರೆದು ರಾಜ್ಯಪತ್ರದಲ್ಲಿ ಪ್ರಕಟಿಸಬೇಕು. ತಾವು ಅಸ್ವಸ್ಥರಾದಾಗ, ವಿದೇಶದಲ್ಲಿದ್ದಾಗ ಸಂಪುಟ ಸಭೆ ನಡೆಸುವವರು, ತುರ್ತು ಕಡತಕ್ಕೆ ಸಹಿ ಹಾಕುವವರು ಇವರು ಎಂದು. ಆ ಸಚಿವರನ್ನು ಉಪಮುಖ್ಯಮಂತ್ರಿ ಎಂದು ಕರೆದರೂ ಸರಿ, ಕರೆಯದಿದ್ದರೂ ಸರಿ.

ನಮಸ್ಕಾರ.