ಚಿತ್ರ ಅದೇ, ಮಾತು ಬೇರೆ: ನೆನಪಲ್ಲಿ ಉಳಿದಿದ್ದು ಯಾವುದು?

[ಸ್ಕ್ರೀನ್ ಮೇಲೆ: ರಸ್ತೆ ದಾಟುತ್ತಿರುವ ತಾಯಿ, ಮಗ]

ಈ ಹುಡುಗ ಅಮ್ಮನ ಜೊತೆ ಆಸ್ಪತ್ರೆಗೆ ಹೊರಟಿದ್ದಾನೆ. ಕಾಯಿಲೆ ಏನಿಲ್ಲ, ಅವನ ಅಪ್ಪ ಕೆಲಸ ಮಾಡೋದೇ ಅಲ್ಲಿ.

1994ರಲ್ಲಿ ನೆನಪಿನ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ವಿಜ್ಞಾನಿಗಳಾದ ಲ್ಯಾರಿ ಕೇಹಿಲ್, ಜೇಮ್ಸ್ ಮೆಕ್‌ಗಾ ಮತ್ತು ಸಂಗಡಿಗರು ಸ್ಲೈಡ್‌ಗಳಲ್ಲಿ ಈ ಕಥೆ ತೋರಿಸಿದರು. ಎರಡು ಗುಂಪಿಗೂ ಅವೇ ಚಿತ್ರಗಳು. ಬದಲಾಗಿದ್ದು ಚಿತ್ರದ ಜೊತೆ ಕೇಳಿಸುವ ಮಾತು ಮಾತ್ರ.

ಒಂದು ಗುಂಪಿಗೆ ಹೇಳಿದ್ದು: ಆಸ್ಪತ್ರೆಯಲ್ಲಿ ಅವತ್ತು ಅಣಕು ಕಾರ್ಯಾಚರಣೆ. ಕಾಣಿಸೋ ಗಾಯವೆಲ್ಲ ಮೇಕಪ್. ಹುಡುಗ ಸುಮ್ನೆ ನೋಡುತ್ತಾನೆ.

ಇನ್ನೊಂದಕ್ಕೆ: ರಸ್ತೆ ದಾಟುವಾಗ ಅಪಘಾತವಾಯಿತು. ಹುಡುಗನ ಪಾದಗಳೇ ತುಂಡಾಗಿವೆ. ಡಾಕ್ಟರುಗಳು ಮತ್ತೆ ಜೋಡಿಸುತ್ತಾರೆ.

[ಎರಡು ಸೆಕೆಂಡ್ ಮೌನ. ಮ್ಯೂಸಿಕ್ ಬೇಡ.]

ಒಂದು ವಾರ ಬಿಟ್ಟು, ಮುಂಚೆ ಹೇಳದೇ ಪರೀಕ್ಷೆ ಮಾಡಿದರು. ಅಪಘಾತದ ಕಥೆ ಕೇಳಿದವರಿಗೆ ಜಾಸ್ತಿ ನೆನಪಿತ್ತು. ಆದರೆ ಇಡೀ ಕಥೆ ಅಲ್ಲ, ಮುಖ್ಯವಾಗಿ ಅಪಘಾತ ಬರುವ ಆ ನಡುವಿನ ಭಾಗ!

ನನಗೆ ಇದಕ್ಕಿಂತ ಮಜಾ ಅನ್ನಿಸಿದ್ದು ಇನ್ನೊಂದು. ಕೆಲವರಿಗೆ ಕಥೆಗೆ ಮುಂಚೆಯೇ ಪ್ರೊಪ್ರನಲಾಲ್ ಕೊಟ್ಟಿದ್ದರು. ಬಿಪಿಗೂ ಕೊಡುವ ಮಾತ್ರೆ ಅದು, ಅಡ್ರಿನಲಿನ್ ಕೆಲಸಕ್ಕೆ ತಡೆ ಹಾಕುತ್ತದೆ. ಕಥೆ ಅವರ ಮನಸ್ಸಿಗೂ ತಟ್ಟಿತ್ತು, ಹಾಗಂತ ಅವರೇ ಹೇಳಿದರು. ಆದರೂ ಆ ನಡುವಿನ ಭಾಗ ಅವರ ನೆನಪಲ್ಲಿ ಅಷ್ಟು ಗಟ್ಟಿಯಾಗಿ ನಿಲ್ಲಲಿಲ್ಲ. ಅಂದರೆ ಎದೆ ಧಸಕ್ ಅಂದಾಗ ಮೈಯಲ್ಲಿ ಏಳುವ ಆ ರಸಾಯನಗಳೇ ಮೆದುಳಿನಲ್ಲಿ ಭಾವನೆಗೆ ಸಂಬಂಧಿಸಿದ ಅಮಿಗ್ಡಾಲಾ ಅನ್ನೋ ಭಾಗದ ಮೂಲಕ 'ಇದನ್ನ ಇಟ್ಕೋ' ಅನ್ನುತ್ತವೆ.

[ಕ್ಯಾಮೆರಾ ಹತ್ತಿರಕ್ಕೆ]

ಇದು ಗೊತ್ತಿಲ್ಲದೇ ನಾನೊಂದು ಹೆಲ್ಮೆಟ್ ವಿಡಿಯೋ ಮಾಡಿದ್ದೆ. ಮೊದಲು ಒಬ್ಬ ಹುಡುಗನ ಕಣ್ಣೀರಿನ ಕಥೆ, ಹಿಂದೆ ಪಿಟೀಲು. (ಈಗ ಕೇಳಿದರೆ ನಾಚಿಕೆ ಆಗುತ್ತೆ.) ಕೊನೆಗೆ, ಹೆಲ್ಮೆಟ್ ಪಟ್ಟಿ ಬಿಗಿಯೋದು ಹೇಗೆ ಅಂತ ಪಾಠ. ವಾರದ ನಂತರ ಅಕ್ಕನನ್ನು ಕೇಳಿದೆ.

"ಆ ಹುಡುಗ ಟಿಫಿನ್ ಡಬ್ಬಿ ಮುಚ್ಚಳ ತೆಗೆದೇ ಇರಲಿಲ್ಲ, ಅಲ್ವಾ?" ಅಂದಳು.

ಪಟ್ಟಿ?

"ಯಾವ ಪಟ್ಟಿ?"

ತಪ್ಪು ಅಕ್ಕನದಲ್ಲ. ಕರುಳು ಹಿಂಡಿದ್ದು ಡಬ್ಬಿ, ಉಳಿದದ್ದೂ ಡಬ್ಬಿ. ನನಗೆ ಬೇಕಿದ್ದ ವಿಷಯ ಎರಡು ನಿಮಿಷ ಆಚೆ ಒಂಟಿಯಾಗಿ ನಿಂತಿತ್ತು. ಪಿಟೀಲು ಎಷ್ಟು ಕುಯ್ದರೂ ಅದು ಹತ್ತಿರ ಬರೋದಿಲ್ಲ.

ಸ್ಕ್ರಿಪ್ಟ್ ಮತ್ತೆ ಬರೆದೆ. ಪಾಠ ತೆಗೆದು ಹಾಕಿದೆ, ಪಿಟೀಲೂ ಹೋಯಿತು. ಈಗ ಶುರು ಹೀಗಿದೆ:

"ಹೆಲ್ಮೆಟ್ ತಲೆ ಮೇಲೇ ಇತ್ತು. ಹುಕ್ ಹಾಕಿರಲಿಲ್ಲ. ತಿರುವಿನ ತನಕ ಆ ಪಟ್ಟಿ ಅವನ ಕೆನ್ನೆಗೆ ಪಟಪಟ ಬಡಿಯುತ್ತಲೇ ಇತ್ತು."